ಗಿರಾಕಿಯೇ ಹೇಳಿದ ರೇಟು

ರಂಜಾನ್‌ಗೆ ಇನ್ನು ಕೆಲವೇ ವಾರಗಳಿದ್ದವು. ಖುರ್ಷೀದನಿಗೆ ಮಾತ್ರ ತನ್ನ ಅಂಗಡಿಯಲ್ಲಿ ನಿಲ್ಲುವುದಕ್ಕೇ ಆಗುತ್ತಿರಲಿಲ್ಲ.

ರಸೆಲ್ ಮಾರುಕಟ್ಟೆಯಲ್ಲಿ ಅವನದು ಹಣ್ಣಿನ ಅಂಗಡಿ. ಉಪವಾಸದ ತಿಂಗಳ ಸಂಜೆ ವ್ಯಾಪಾರದ ಮೇಲೆ ಅವನ ಮನೆ ಅರ್ಧ ವರ್ಷ ನಡೆಯುತ್ತಿತ್ತು. ಆ ಸಂಜೆಗಳಲ್ಲಿ ಜನ ಮೈಮೇಲೆ ಬೀಳುತ್ತಾರೆ. ಹೋದ ರಂಜಾನ್‌ನಲ್ಲಿ ಹಾಗೆ ಬಿದ್ದಾಗಲೇ ಅವನ ಎದೆ ಡವಡವ ಹೊಡೆದುಕೊಂಡು, ಕೈಕಾಲು ತಣ್ಣಗಾಗಿ, ಈಗ ಸತ್ತೆ ಅನ್ನಿಸಿತ್ತು. ಅಂದಿನಿಂದ ನಾಲ್ಕು ಜನ ಒಟ್ಟಿಗೆ ಬಂದರೆ ಸಾಕು, ಟೀ ಕುಡಿದು ಬರುತ್ತೇನೆ ಎಂದು ಪಕ್ಕದ ಸಂದಿಯಲ್ಲಿ ಜಾರಿಕೊಳ್ಳುತ್ತಿದ್ದ. ತಕ್ಕಡಿ ಹೆಂಡತಿ ಮಜೀದಾಳ ಕೈಗೆ ಹೋಗುತ್ತಿತ್ತು. ಎದುರಂಗಡಿಯ ಸಕ್ಲೇನ್ ಕೇಳಿದರೆ ಮಂಡಿನೋವು ಎನ್ನುತ್ತಿದ್ದ. ವ್ಯಾಪಾರಿಗೆ ಎದೆ ನಡುಗುತ್ತದೆ ಎಂದು ಗೊತ್ತಾದರೆ ಯಾವ ಗಿರಾಕಿ ತಾನೇ ಸರಿಯಾದ ಬೆಲೆ ಕೊಡುತ್ತಾನೆ?

ಕೊನೆಗೆ ಆಸ್ಪತ್ರೆಗೆ ಹೋದಾಗ ಇಸಿಜಿ ತೆಗೆದರು, ರಕ್ತ ತೆಗೆದರು. "ಹಾರ್ಟ್ ಚೆನ್ನಾಗೇ ಇದೆ. ಇದು ಗಾಬರಿ. ಕೌನ್ಸೆಲಿಂಗ್‌ಗೆ ಹೋಗಿ" ಅಂದರು ಡಾಕ್ಟರು. ಮಗಳು ಅಂಬ್ರೀನ್ ಫೋನಿನಲ್ಲಿ ಹುಡುಕಿ ಇಂದಿರಾನಗರದ ಒಂದು ಕಡೆ ವಿಚಾರಿಸಿದಳು. ಅವರ ಫೀಸು ಕೇಳಿ ಮನೆಯವರೆಲ್ಲ ಆ ಮಾತನ್ನು ಅಲ್ಲಿಗೇ ಬಿಟ್ಟರು.

ಮಾರನೆಯ ಬೆಳಿಗ್ಗೆ ಸಗಟು ಮಂಡಿಯಿಂದ ಹಣ್ಣು ತರುವಾಗ, ಲಗೇಜ್ ಆಟೋದ ಮುನಿರಾಜನ ಹತ್ತಿರ ಖುರ್ಷೀದ್ ಮೊದಲ ಸಲ ಎಲ್ಲವನ್ನೂ ಹೇಳಿಕೊಂಡ. ಮುನಿರಾಜ್ ಕಗ್ಗದಾಸಪುರದವನು, ಹಳೆಯ ಸ್ನೇಹಿತ.

"ಎರಡು ಸಾವಿರ ಕಣೋ, ಒಂದ್ ಗಂಟೆ ಮಾತಾಡೋಕೆ! ನಾನು ದಿನವೆಲ್ಲಾ ಬಾಯಿ ಬಡ್ಕೋತೀನಿ, ನಂಗ್ಯಾರು ಕೊಡ್ತಾರೆ?"

ಮುನಿರಾಜ್ ನಗಲಿಲ್ಲ. "ದೊಮ್ಮಲೂರಲ್ಲಿ ಒಂದು ಟ್ರಸ್ಟ್ ಇದೆ ಭಾಯ್. ನಮ್ ಕೈಲಿ ಎಷ್ಟಾಗುತ್ತೋ ಅಷ್ಟೇ ತಗೊಳ್ತಾರೆ."

"ನಿಂಗೆ ಹೆಂಗೊತ್ತು?"

"ಪಾಪು ಹುಟ್ಟಿದ್ಮೇಲೆ ನಮ್ಮ ಹಂಸ ಹೋಗ್ತಿದ್ಲು. ನಾನೇ ಬಿಟ್ಟು ಬರ್ತಿದ್ದೆ."

"ಹೆಂಡ್ತೀನೇ ಕಳಿಸಿ, ನಂಗೆ ಇಷ್ಟು ದಿನ ಬಾಯಿ ಬಿಡ್ಲಿಲ್ವಲ್ಲೋ!"

"ನೀನು ಮಂಡಿನೋವು ಅಂದೆ. ಮಂಡಿಗೆ ಅಲ್ಲಿ ಔಷಧಿ ಇಲ್ಲ ಗುರು."

ಅದೇ ವಾರ ಇಬ್ಬರೂ ದೊಮ್ಮಲೂರಿಗೆ ಹೋದರು. ಮನೆಯಂಥ ಕಟ್ಟಡ, ಮಹಡಿಯ ಮೇಲೊಂದು ಕೋಣೆ. ಒಳಗಿದ್ದವರು ಕೌನ್ಸೆಲರ್ ರೇವತಿ, ಹಲಸೂರಿನವರು. ತಮಿಳು, ಕನ್ನಡ, ದಖನಿ ಉರ್ದು ಮೂರೂ ನೀರು ಕುಡಿದಷ್ಟು ಸಲೀಸು. ಖುರ್ಷೀದ್ ಕೂರುವ ಮೊದಲೇ ಕೇಳಿದ.

"ಫೀಸ್ ಎಷ್ಟು ಮೇಡಂ?"

"ನೀವೇ ಹೇಳಿ. ಎಷ್ಟು ಕೊಡೋಕಾಗುತ್ತೆ?"

ಅವನು ಹೌಹಾರಿದ. ಗಿರಾಕಿಯೇ ಬೆಲೆ ಹೇಳುವ ಅಂಗಡಿಯನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಹಂಗಲ್ಲ ಮೇಡಂ. ನೀವು ಒಂದು ರೇಟ್ ಹೇಳ್ಬೇಕು. ನಾನು ಅರ್ಧಕ್ಕೆ ಕೇಳ್ಬೇಕು. ನೀವು ಆಗಲ್ಲ ಹೋಗ್ರೀ ಅನ್ಬೇಕು. ನಾನು ಎದ್ದು ಹೋದಂಗೆ ಮಾಡ್ಬೇಕು."

"ಆಮೇಲೆ?"

"ನೀವು ಕರೀಬೇಕು."

ರೇವತಿ ಜೋರಾಗಿ ನಕ್ಕುಬಿಟ್ಟರು. "ಕರೆದಾಯ್ತು, ಕೂತ್ಕೊಳ್ಳಿ."

"ಮಾಲು ನೋಡ್ದೆ ರೇಟ್ ಹೆಂಗೆ ಹೇಳ್ಲಿ?"

"ಸರಿ, ನೋಡಿ ಆಮೇಲೆ ಹೇಳಿ."

ಅವರು ಕೇಳುತ್ತಾ ಹೋದರು, ಅವನು ಹೇಳುತ್ತಾ ಹೋದ. ಮಜೀದಾಳಿಗೂ ಹೇಳದ ಮಾತುಗಳು ಹೊರಬಂದವು.

"ಆ ಗಾಬರಿ ಎಷ್ಟು ಹೊತ್ತಿರುತ್ತೆ?"

"ಯಾರಿಗ್ಗೊತ್ತು? ನಾನು ಓಡೋಗ್ತೀನಲ್ಲ."

"ಓಡದೆ ಕೂತು ನೋಡಿ. ಏರಿದ್ದು ತಾನಾಗೇ ಇಳಿಯುತ್ತೆ."

"ಟೊಮೇಟೊ ರೇಟ್ ಥರ?"

"ಅದೇ ಥರ."

"ಸಾಯಲ್ವಾ?"

"ಸಾಯಲ್ಲ."

ಇಷ್ಟು ದಿನ ತಾನು ಹುಲಿಯೆಂದು ಹೆದರಿ ಓಡಿದ್ದು ಬರೀ ಬೆಕ್ಕಿಗೋ ಅನ್ನಿಸಿತು ಅವನಿಗೆ. ಎದ್ದವನೇ ಮೇಜು ತಟ್ಟಿ, "ಐನೂರು!" ಅಂದ.

"ಜಾಸ್ತಿಯಾಯ್ತು. ವಾರಾವಾರ ಬರ್ಬೇಕಲ್ಲ, ಇನ್ನೂರು ಕೊಡಿ."

"ಮುನ್ನೂರಕ್ಕೆ ಕಮ್ಮಿ ಆಗಲ್ಲ!"

"ಇನ್ನೂರೈವತ್ತು. ಮುಗೀತು."

ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದು, ಆಟೋದಲ್ಲಿ ತೂಕಡಿಸುತ್ತಿದ್ದ ಮುನಿರಾಜನ ಭುಜ ಅಲ್ಲಾಡಿಸಿದ. "ಏಳೋ ಮಗಾ! ಅವ್ರಿಗೆ ವ್ಯಾಪಾರಾನೇ ಬರಲ್ಲ ಕಣೋ! ನಾನು ಏರಿಸ್ತೀನಿ, ಅವ್ರು ಇಳಿಸ್ತಾರೆ!"

ವಾರಾವಾರ ಹೋದ. ಮೊದಲು ಇಬ್ಬರು ಗಿರಾಕಿ ಇದ್ದಾಗ ಓಡದೆ ನಿಂತ. ಆಮೇಲೆ ಐದಾರು ಜನ ಇದ್ದಾಗ. ಶಿವಾಜಿನಗರದ ಬಸ್ ನಿಲ್ದಾಣದ ನೂಕುನುಗ್ಗಲಿನಲ್ಲಿ ಮುನಿರಾಜನ ತೋಳು ಹಿಡಿದು ನಿಂತು, ಎದೆಬಡಿತ ಏರಿ ಇಳಿದದ್ದನ್ನು ತಾನೇ ಕಂಡು ಮಗುವಿನ ಹಾಗೆ ಚಪ್ಪಾಳೆ ಹೊಡೆದ. ರೇವತಿ ಹೇಳಿದ ಒಂದು ಮಾತನ್ನು ಮಾತ್ರ ಅವನು ಒಪ್ಪಲಿಲ್ಲ. ಮುಚ್ಚಿಟ್ಟಷ್ಟೂ ಗಾಬರಿ ಬಲಿಯುತ್ತದೆ, ಬಂದಾಗ ಬಾಯಿಬಿಟ್ಟು ಹೇಳಿಬಿಡಿ ಎಂದಿದ್ದರು ಅವರು. ಮಾರ್ಕೆಟ್ಟಿನಲ್ಲಿ ಹೇಳುವುದೇ? ಮರ್ಯಾದೆ ಏನಾಗಬೇಕು!

ರಂಜಾನ್ ಬಂತು. ಮೊದಲ ಸಂಜೆಯೇ ಜನಸಾಗರ. ಕಲ್ಲಂಗಡಿ, ಪಪ್ಪಾಯ, ದಾಳಿಂಬೆ, ಎಲ್ಲ ಕಡೆಯಿಂದಲೂ ಕೈ, ಕೂಗು. ಖುರ್ಷೀದನ ಎದೆ ಹೊಡೆದುಕೊಳ್ಳತೊಡಗಿತು. ಬಸ್ ನಿಲ್ದಾಣದ್ದಕ್ಕಿಂತ ಇದು ದೊಡ್ಡದು. ಕಣ್ಣು ಪಕ್ಕದ ಸಂದಿಯ ಕಡೆ ಹೋಯಿತು. ಮಜೀದಾ ತಕ್ಕಡಿಗೆ ಕೈ ಚಾಚಿದಳು.

ಅವನು ತಕ್ಕಡಿ ಕೆಳಗಿಟ್ಟು, ಜನರ ನಡುವೆಯೇ ಕ್ರೇಟಿನ ಮೇಲೆ ಕೂತ.

"ಎರಡು ನಿಮಿಷ ಇರಿ ಸ್ವಾಮಿ. ಎದೆ ಹೊಡ್ಕೋತಿದೆ. ಜನ ಕಂಡ್ರೆ ನಂಗೆ ಗಾಬರಿ ಕಾಯಿಲೆ. ಇಳಿಯುತ್ತೆ."

ಒಬ್ಬ ಮುದುಕಿ, "ಪಾಪ, ನೀರು ಕೊಡ್ರೋ" ಅಂದಳು. "ರೋಜಾ ಉಪವಾಸ ಇರೋನಿಗೆ ನೀರಾ ಅಜ್ಜಿ?" ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ಖುರ್ಷೀದನೂ ನಕ್ಕ. ಅಷ್ಟರಲ್ಲಿ ಸಕ್ಲೇನ್ ತನ್ನ ಅಂಗಡಿಯಿಂದ ಹಾರಿ ಬಂದು ತಕ್ಕಡಿ ಹಿಡಿದಿದ್ದ.

"ನೀನು ಕೂತ್ಕೋ ಭಾಯ್, ನಾನು ಮಾರ್ತೀನಿ. ಬನ್ರೀ, ಬನ್ರೀ, ದಾಳಿಂಬೆ ಕೆಜಿ ನೂರು!"

"ಎಷ್ಟು?" ಖುರ್ಷೀದ್ ಎದ್ದು ನಿಂತ.

"ನೂರು."

"ನಿಮ್ಮಪ್ಪನ ಮಾಲೇನೋ ಅದು? ನೂರಾ ಎಂಬತ್ತು! ಕೊಡಿಲ್ಲಿ ತಕ್ಕಡಿ!"

"ಗಾಬರಿ ಇಳೀತಾ?"

"ಇನ್ನೂ ಇಳೀಲಿಲ್ಲ. ನೀನು ಮೊದ್ಲು ಆ ಕಡೆ ಹೋಗು!"