ಒಂದು ಲಕ್ಷ ನಲವತ್ತೆರಡು ಸಾವಿರದ ಎಂಟುನೂರ ಐವತ್ತೇಳು

ಪಲ್ಲವಿ, ವೀರೇಶ, ಕೇಳಿ ಮಕ್ಕಳೇ. ನಾನು ಚಿಕ್ಕವಳಿದ್ದಾಗ ತೆಕ್ಕಲಕೋಟೆ ಹತ್ತಿರದ ನಮ್ಮ ಹಳ್ಳಿಯಲ್ಲಿ ಏಳನೇ ತರಗತಿ ದಾಟಿದ ಹುಡುಗಿಯರು ಕಡಿಮೆ. ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಕಾಯಿಲೆ ಬಿದ್ದು ಹಿಂದುಳಿದು ನನ್ನ ತರಗತಿಗೇ ಬಂದಿದ್ದಳು. ನಮ್ಮಿಬ್ಬರಲ್ಲಿ ಒಬ್ಬಳನ್ನು ಸಿರುಗುಪ್ಪದಲ್ಲಿದ್ದ ಅತ್ತೆಯ ಮನೆಯಲ್ಲಿಟ್ಟು ಹೈಸ್ಕೂಲು ಓದಿಸುವುದಾಗಿ ಅಪ್ಪ ಹೇಳಿದ್ದ. ಶಾಲೆ ನೋಡಲು ಬರುವ ಸಾಹೇಬರು ಯಾರನ್ನು ಮೆಚ್ಚುತ್ತಾರೋ ಅವಳು ಹೋಗಬೇಕು.

ಆಗ ಸುಗ್ಗಿ. ಗುಬ್ಬಿ ಕಾಯಲು ನನ್ನನ್ನು ಕಣದಲ್ಲಿ ಕೂರಿಸಿದ್ದರು. ಸಗಣಿ ಸಾರಿಸಿದ ನೆಲ ಬಿಸಿಲಿಗೆ ಕಾದು, ಹೊಸ ಭತ್ತದ ವಾಸನೆ ಮೂಗಿಗೆ ಅಡರುತ್ತಿತ್ತು. ಬೇಸರಕ್ಕೆ ಸುಣ್ಣದ ಕಲ್ಲು ಹಿಡಿದು ಒಂದನ್ನು ಏಳರಿಂದ ಭಾಗಿಸುತ್ತ ಹೋದೆ. ಲೆಕ್ಕ ಮುಗಿಯಲೇ ಇಲ್ಲ. 142857, ಮತ್ತೆ 142857. ಆ ಸಂಖ್ಯೆಯನ್ನು ಎರಡರಿಂದ ಗುಣಿಸಿದೆ: 285714. ಮೂರರಿಂದ: 428571. ಅವೇ ಆರು ಅಂಕಿಗಳು ಗಾಣದ ಎತ್ತಿನಂತೆ ಸುತ್ತು ಹೊಡೆಯುತ್ತಿದ್ದವು. ನನ್ನ ಮೈ ಜುಮ್ಮೆಂದಿತು. ಮೇವಿನ ಹೊರೆ ಹೊತ್ತು ಬಂದ ಅಪ್ಪ ನಿಂತು ನೋಡಿ, ಬರಹ ತುಳಿಯದ ಹಾಗೆ ಬಳಸಿ ಹೋದ.

ರಾತ್ರಿ ಅಕ್ಕನಿಗೆ ಮಾತ್ರ ಹೇಳಿದೆ. ಯಾರಿಗೂ ಹೇಳುವುದಿಲ್ಲ ಎಂದು ನನ್ನ ತಲೆ ಮುಟ್ಟಿ ಆಣೆ ಮಾಡಿದಳು. ಆರರವರೆಗೆ ತಿಳಿಸಿದ್ದೆ. ಏಳರಿಂದ ಗುಣಿಸಿದ್ದು ಮರುದಿನ, ಒಬ್ಬಳೇ ಕೂತು.

ಸಾಹೇಬರು ಬಂದ ದಿನ, ಯಾರಿಗಾದರೂ ವಿಶೇಷ ಲೆಕ್ಕ ಗೊತ್ತೇ ಎಂದು ಕೇಳಿದರು. ನಾನು ಲಂಗದ ಅಂಚು ಹಿಡಿದು ಧೈರ್ಯ ಕೂಡಿಸುತ್ತಿದ್ದೆ. ಅಷ್ಟರಲ್ಲಿ ಅಕ್ಕ ಎದ್ದು ಹೋಗಿ ನನ್ನ ಸಂಖ್ಯೆಯನ್ನು ಹಲಗೆಯ ಮೇಲೆ ಬರೆದಳು. ಆರರವರೆಗೂ ಗುಣಿಸಿ ತೋರಿಸಿದಳು. ಯಾರು ಹೇಳಿಕೊಟ್ಟರು ಎಂದರೆ, "ನಾನs ಕಂಡುಹಿಡಿದೀನ್ರಿ" ಎಂದಳು.

ಏಳರಿಂದ ಗುಣಿಸಿದರೇನು ಬರುತ್ತದೆ ಎಂದರು ಸಾಹೇಬರು. ಅಕ್ಕ ಹಲಗೆಯ ಕಡೆ ತಿರುಗಿ, ಬರೆದದ್ದನ್ನೇ ಮತ್ತೆ ಮೊದಲಿನಿಂದ ಓದತೊಡಗಿದಳು.

"ಎಲ್ಲಾ ಒಂಬತ್ತು ಆಗ್ತಾವ್ರಿ," ಎಂದೆ. ಶಾಲೆಯಲ್ಲಿ ಯಾರೂ ಕೇಳದೆ ನಾನು ಬಾಯಿ ಬಿಟ್ಟಿದ್ದು ಅದೇ ಮೊದಲು.

ಸಾಹೇಬರು ನಕ್ಕು ಅಕ್ಕನ ಬೆನ್ನು ತಟ್ಟಿದರು. "ಭಲೇ, ತಂಗಿಗೂ ಕಲಿಸೀಯಲ್ಲ."

"ಹೌದ್ರಿ," ಎಂದಳು ಅಕ್ಕ, ನನ್ನ ಕಡೆ ನೋಡದೆ.

ಅಪ್ಪನಿಗೆ ನಿಜ ಗೊತ್ತು ಎಂಬ ಒಂದೇ ನಂಬಿಕೆಯಿಂದ ಮನೆಗೆ ಓಡಿದೆ. "ಅಪ್ಪಾ, ನಾ ಕಣದಾಗ ಬರದಿದ್ದು ನೀ ನೋಡಿದ್ದಿಲ್ಲೇನು?"

ಅಪ್ಪ ಎತ್ತಿನ ಹಗ್ಗ ಬಿಗಿಯುತ್ತಲೇ ಇದ್ದ. "ನೋಡೀನವ್ವ. ಆದ್ರ ನೀ ಬಾಯಿಲ್ಲದಾಕಿ, ಪರ ಊರಾಗ ಹೆಂಗ ಬಾಳ್ತಿ? ಅಕಿ ಹೋಗ್ಲಿ ಬಿಡು."

ಅಕ್ಕ ಮಾಡಿದ್ದಕ್ಕೆ ಅತ್ತಿದ್ದೆ. ಅಪ್ಪನ ಮಾತಿಗೆ ಅಳುವೂ ಬರಲಿಲ್ಲ.

ನೀವಿಬ್ಬರೂ ಬಳ್ಳಾರಿಯಲ್ಲಿ ಒಂದೇ ಬಸ್ಸು ಹತ್ತಿ ಶಾಲೆಗೆ ಹೋಗುತ್ತೀರಿ. ಯಾರು ಮನೆಯಲ್ಲಿ ಉಳಿಯಬೇಕೆಂದು ಯಾರೂ ಕೇಳುವುದಿಲ್ಲ. ಇಂಥ ಗುಣಾಕಾರ ನಿಮ್ಮ ಮೊಬೈಲಿನಲ್ಲಿ ರೆಪ್ಪೆ ಬಡಿಯುವಷ್ಟರಲ್ಲಿ ಆಗುತ್ತದೆ. ಮೊನ್ನೆ ಪಲ್ಲವಿ ಇದೇ ಸಂಖ್ಯೆ ತೋರಿಸಿ, "ಅಜ್ಜೀ, ಇದನ್ನ ದೊಡ್ಡಜ್ಜಿ ಸಣ್ಣಾಕಿದ್ದಾಗs ಕಂಡುಹಿಡಿದಿದ್ಲಂತ," ಎಂದಳು. ನಾನು ಹೂಂ ಎಂದೆ.

ಅಕ್ಕನೊಂದಿಗೆ ಜಗಳಕ್ಕೆ ಹೋಗಬೇಡಿ, ಮಕ್ಕಳೇ. ಅವಳು ನಿಮಗೆ ದೊಡ್ಡಜ್ಜಿ. ಈ ಹಾಳೆಗಳನ್ನು ಮಾತ್ರ ಹರಿಯದಂತೆ ಇಟ್ಟುಕೊಳ್ಳಿ.