ಇಪ್ಪತ್ತೆರಡನೇ ಸಾಲಿನ ಒಂಬತ್ತನೇ ಜಾಗ

ವರ್ಲಿನ್ ಸ್ಟ್ಯಾಂಪರ್ ಕೆಟ್ಟ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದವರಿಗೆ ಬೇರೆ ಥರ ಅನ್ನಿಸಬಹುದು. ನಮ್ಮ ವೆಲ್ಬಿಯ ಶಾಲಾ ಬಸ್ಸುಗಳನ್ನು ಅವನು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ರಿಪೇರಿ ಮಾಡುತ್ತಿದ್ದಾನೆ. ಅದೇ ಶಾಲೆಯ ಅಡುಗೆಮನೆಯಲ್ಲಿ ನಾನು ಇಪ್ಪತ್ತಾರು ವರ್ಷ ಸೌಟು ತಿರುಗಿಸಿ ನಿವೃತ್ತಳಾದವಳು. ಜನವರಿಯ ಚಳಿಯಲ್ಲಿ ನನ್ನ ಕಾರು ಹಟ ಹಿಡಿದಾಗಲೆಲ್ಲ, ಕರೆಯದಿದ್ದರೂ ಬಂದು ಬಾನೆಟ್ ಎತ್ತಿದವನು ಅವನೇ. ಒಂದು ದಿನವೂ ಮುಖ ಸಿಂಡರಿಸಲಿಲ್ಲ.

ಶನಿವಾರ ಮಾತ್ರ ಅವನು ಬೇರೆ ಮನುಷ್ಯ. ನಮ್ಮ ಕಾಲೇಜಿನ ಫುಟ್‌ಬಾಲ್ ತಂಡದ ಹೆಸರು ಹೆರನ್ಸ್, ಅಂದರೆ ಕೊಕ್ಕರೆಗಳು. ಇಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಫುಟ್‌ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಮೈಮೇಲೆ ಬೀಳುವವರನ್ನು ತಳ್ಳಿ, ಎದುರಿನವರ ಗೆರೆ ದಾಟುವ ಆಟ. ನಮ್ಮ ಕೊಕ್ಕರೆಗಳು ಆ ಗೆರೆಯನ್ನು ದೂರದಿಂದ ನೋಡಿಯೇ ತೃಪ್ತಿಪಡುವ ಜಾತಿ. ಆ ವರ್ಷವಂತೂ ಆರಕ್ಕೆ ಆರೂ ಪಂದ್ಯ ಸೋತು ಕೂತಿದ್ದವು.

ಕ್ರೀಡಾಂಗಣದ ಪೂರ್ವದ ಕಡೆ ಇಪ್ಪತ್ತೆರಡನೇ ಸಾಲಿನಲ್ಲಿ ಒಂಬತ್ತನೇ ಜಾಗ ವರ್ಲಿನ್‌ನದು, ಹತ್ತನೆಯದು ನನ್ನದು, ಹನ್ನೊಂದನೆಯದು ಆರ್ಲಿಸ್‌ನದು. ಆರ್ಲಿಸ್ ಹಿಂದೆ ಅಂಚೆಯವನಾಗಿದ್ದ. ಈಗ ಎಂಬತ್ತರ ಹತ್ತಿರ. ಸೋಲು ಗೆಲುವಿಗೆ ಕಾರಣ ಹುಡುಕುವುದರಲ್ಲಿ ಅವನು ನಮ್ಮ ಸಾಲಿನ ಪಂಡಿತ. ತಂಡ ಗೆದ್ದ ದಿನ ಹಾಕಿದ್ದ ಕಾಲುಚೀಲವನ್ನು ಮತ್ತೆ ಸೋಲುವವರೆಗೂ ಒಗೆಯಬಾರದು ಎಂಬುದು ಅವನ ಶಾಸ್ತ್ರ. ನಮ್ಮ ತಂಡದ ಪುಣ್ಯದಿಂದ ಅವನ ಕಾಲುಚೀಲಗಳು ಯಾವತ್ತೂ ಶುಭ್ರವಾಗಿರುತ್ತಿದ್ದವು.

ವರ್ಷವರ್ಷವೂ ಇಡೀ ಋತುವಿನ ಟಿಕೆಟ್ ಕೊಂಡು ವರ್ಲಿನ್ ಆ ಜಾಗ ಹಿಡಿದು ಮೂವತ್ತೊಂದು ವರ್ಷ. ಊರಿನಲ್ಲಿ ನಡೆದ ಒಂದು ಪಂದ್ಯವನ್ನೂ ತಪ್ಪಿಸಿದವನಲ್ಲ. ಕಿಡ್ನಿಯಲ್ಲಿ ಕಲ್ಲಿದ್ದಾಗಲೂ ಬಂದು, ಅಲ್ಯೂಮಿನಿಯಂ ಬೆಂಚಿನ ಮೇಲೆ ಒಂದೇ ಮಗ್ಗುಲಿಗೆ ವಾಲಿಕೊಂಡು ಕೂತಿದ್ದ. ಅವನಿಗೆ ಬೇಕಾದದ್ದು ಒಂದೇ. ಏದುಸಿರು ಬಿಡುತ್ತ ಒಂದೋ ಎರಡೋ ಅಂಕದಿಂದ ಗೆಲ್ಲುವುದಲ್ಲ, ಅದು ವರ್ಷಕ್ಕೊಮ್ಮೆ ಹೇಗೋ ಸಿಗುತ್ತಿತ್ತು. ಎದುರಿನವರು ತಲೆ ಎತ್ತದ ಹಾಗೆ ಬಡಿದು ಗೆಲ್ಲುವ ಗೆಲುವು ಬೇಕು. ಅಂಥದು ಬಂದರೆ ವೆಲ್ಬಿಯಲ್ಲಿ ಜನ ಮೈದಾನಕ್ಕೆ ನುಗ್ಗಿ, ಹಳದಿ ಬಣ್ಣದ ಗೋಲುಕಂಬವನ್ನು ಕಿತ್ತು, ಹೆಗಲ ಮೇಲೆ ಹೊತ್ತು, ಪೇಟೆಬೀದಿಯಲ್ಲಿ ಮೆರೆಸಿ ಹೊಳೆಗೆ ಎಸೆದು ಬರುತ್ತಾರೆ. ಕೊನೆಯ ಸಲ ಹಾಗಾದದ್ದು ವರ್ಲಿನ್ ಮೊದಲ ಟಿಕೆಟ್ ಕೊಳ್ಳುವ ಹಿಂದಿನ ವರ್ಷ. ಅವನ ಅಪ್ಪ ಆ ಕಂಬಕ್ಕೆ ಹೆಗಲು ಕೊಟ್ಟಿದ್ದ. ಸಾಯುವವರೆಗೂ ಅದನ್ನೇ ಹೇಳಿಕೊಂಡು ಓಡಾಡಿದ. ತಾನೂ ಒಮ್ಮೆ ಹೆಗಲು ಕೊಡಬೇಕೆಂಬುದು ವರ್ಲಿನ್‌ನ ಆಸೆ.

ಅವನ ಮಗಳು ಕೆಂಡ್ರಾ ಬುದ್ಧಿವಂತೆ. ವೆಲ್ಬಿಯಲ್ಲಿ ಹುಟ್ಟಿದ ಯಾರೂ ಪಂದ್ಯವಿರುವ ಶನಿವಾರ ಮದುವೆ ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡರೆ ಪಾದ್ರಿ ಬರುವುದೂ ಅನುಮಾನ. ಅಕ್ಟೋಬರ್‌ನಲ್ಲಿ ತಂಡಕ್ಕೆ ರಜೆಯಿದ್ದ ಒಂದೇ ಒಂದು ಶನಿವಾರವನ್ನು ಅವಳು ಎಂಟು ತಿಂಗಳ ಮೊದಲೇ ಆರಿಸಿ ಚರ್ಚನ್ನೂ ಊಟದ ಸಭಾಂಗಣವನ್ನೂ ಗೊತ್ತುಮಾಡಿದ್ದಳು. ಆದರೆ ಸೆಪ್ಟೆಂಬರ್‌ನಲ್ಲಿ ಡ್ರಮಂಡ್ ಕಾಲೇಜಿನ ಮೇಲಿನ ಪಂದ್ಯ ಶುರುವಾಗಬೇಕು ಅನ್ನುವಷ್ಟರಲ್ಲಿ ಗುಡುಗು ಸಿಡಿಲು. ಮೂರು ಗಂಟೆ ಕಾಯಿಸಿ ಪಂದ್ಯವನ್ನು ಮುಂದಕ್ಕೆ ಹಾಕಿದರು. ಯಾವ ಶನಿವಾರಕ್ಕೆ ಹಾಕಿದರು ಎಂದು ಬೇರೆ ಹೇಳಬೇಕಾಗಿಲ್ಲ.

ಮದುವೆಯನ್ನು ಬೆಳಗ್ಗೆ ಏಳಕ್ಕೆ ಇಟ್ಟುಕೊಂಡರೆ ಹೇಗೆ ಎಂದು ವರ್ಲಿನ್ ಮಗಳನ್ನು ಕೇಳಿದನಂತೆ. ಅವಳು ಒಂದು ಸಲ ಅವನ ಮುಖ ನೋಡಿದಳು, ಅಷ್ಟೆ. ಆ ಮಾತು ಅಲ್ಲಿಗೇ ಮುಗಿಯಿತು ಎಂದು ಅವನ ಹೆಂಡತಿ ಡಾನೆಟ್ ಹೇಳಿದಳು.

ಇನ್ನು ಜಾಗವನ್ನು ಯಾರಿಗೆ ಕೊಡುವುದು. ಖಾಲಿ ಬಿಟ್ಟರೆ ಅಪಶಕುನ ಎಂದು ಆರ್ಲಿಸ್ ಮೊದಲೇ ಹೇಳಿಬಿಟ್ಟಿದ್ದ. ಕೊಡುವುದಾದರೆ ಆಸೆಯಿಂದ ಕಾಯುತ್ತಿದ್ದವರು ಹತ್ತು ಜನರಿದ್ದರು. ವರ್ಲಿನ್ ಅವರನ್ನೆಲ್ಲ ಬಿಟ್ಟು ಡೆಲ್ ಹ್ರುಸ್ಕಾನಿಗೆ ಕೊಟ್ಟ. ಡೆಲ್ ಅವನ ಜೊತೆ ಬಸ್ ಶೆಡ್ಡಿನಲ್ಲಿ ಕೆಲಸ ಮಾಡುವವನು, ನಾಲ್ಕು ವರ್ಷದ ಹಿಂದೆ ಪರ ಊರಿನಿಂದ ಬಂದವನು. ಚೆಂಡು ಯಾರ ಕೈಯಲ್ಲಿದೆ ಎಂಬುದೂ ಅವನಿಗೆ ಗೊತ್ತಾಗುವುದಿಲ್ಲ. ಹೋಗಿ ಹೋಗಿ ಅವನಿಗೇಕೆ ಎಂದು ನಾನು ಕೇಳಿದೆ. "ಅವನಿಗೆ ಆಟದ ಗಂಧಗಾಳಿ ಇಲ್ಲ ಕಣಮ್ಮ, ಸುಮ್ನೆ ಕೂತು ಎದ್ದು ಬರ್ತಾನೆ" ಅಂದ. ತನ್ನ ಜಾಗದಲ್ಲಿ ಇನ್ನೊಬ್ಬ ಕೂತು ಸುಖಪಡುವುದು ಅವನಿಗೆ ಬೇಕಿರಲಿಲ್ಲ. ಚಳಿ ಇತ್ತೆಂದು ತನ್ನ ಹಸಿರು ಉಣ್ಣೆ ಕೋಟನ್ನೂ ಕೊಟ್ಟ, ಅದು ಒಳ್ಳೆಯತನ.

ನಾನೂ ಆ ಮದುವೆಗೆ ಹೋಗಬೇಕಾಗಿತ್ತು. ಉಡುಗೊರೆಯನ್ನು ಮೊದಲೇ ತಲುಪಿಸಿ, ನೆಗಡಿ ಎಂದು ಫೋನ್ ಮಾಡಿ, ಪಂದ್ಯಕ್ಕೆ ಹೋದೆ. ಆರ್ಲಿಸ್‌ಗೆ ಸೊಂಟನೋವು ಬಂತು. ಇಬ್ಬರೂ ಕ್ರೀಡಾಂಗಣದ ಹೊರಗೆ ನಮ್ಮ ಪಿಕಪ್ ಗಾಡಿಯ ಹಿಂದೆ ನಿಂತು, ನಾನು ಮಾಡಿದ್ದ ಚಿಲಿ ಎಂಬ ಮಾಂಸದ ಸಾರನ್ನು ಆರೋಗ್ಯವಾಗಿ ಎರಡೆರಡು ಬಟ್ಟಲು ತಿಂದೆವು. ಡೆಲ್ ಮೂರು ಬಟ್ಟಲು ತಿಂದು ವರ್ಲಿನ್‌ನ ಕೋಟಿನ ಮೇಲೆ ಒಂದಿಷ್ಟು ಚೆಲ್ಲಿಕೊಂಡ.

ಆಮೇಲೆ ನಡೆದದ್ದನ್ನು ನನ್ನ ಕಣ್ಣೇ ನಂಬಲಿಲ್ಲ. ಮೊದಲ ಚೆಂಡನ್ನೇ ನಮ್ಮ ಹುಡುಗನೊಬ್ಬ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಒಂದೇ ಉಸಿರಿಗೆ ಓಡಿದ. ಅಪ್ಪಿತಪ್ಪಿ ಆಗಿರಬೇಕೆಂದು ಯಾರೂ ಹೆಚ್ಚು ಕೂಗಲಿಲ್ಲ. ಹತ್ತು ನಿಮಿಷದಲ್ಲಿ ಮತ್ತೆರಡು ಸಲ ಗೆರೆ ದಾಟಿದರು. ಅರ್ಧ ಆಟಕ್ಕೆ ಮೂವತ್ತೊಂದಕ್ಕೆ ಸೊನ್ನೆ. ನಮ್ಮ ಹಿಂದಿನ ಸಾಲಿನ ಹೆಂಗಸೊಬ್ಬಳು ಇದು ನಮ್ಮ ತಂಡವೇ ಹೌದೋ ಎಂದು ಪಕ್ಕದವರನ್ನು ಕೇಳಿದಳು. ಕೊನೆಗೆ ಐವತ್ತೆಂಟಕ್ಕೆ ಮೂರು. ದೊಡ್ಡ ದೊಡ್ಡ ಗಂಡಸರು ಅಳುತ್ತಿದ್ದರು. ಆರ್ಲಿಸ್ ನನ್ನ ಕೆನ್ನೆಗೆ ಮುತ್ತಿಟ್ಟ, ನಾನು ಬೈಯಲಿಲ್ಲ. ಡೆಲ್ ಮಾತ್ರ ಕೈಯಲ್ಲಿದ್ದ ಕಡಲೆಕಾಯಿ ಮುಗಿಸಿ, ಎಲ್ಲರೂ ಎಲ್ಲಿಗೆ ಓಡುತ್ತಿದ್ದಾರೆ ಎಂದು ಕೇಳಿ, ತಾನೂ ಓಡಿದ.

ಅತ್ತ ಚರ್ಚಿನಲ್ಲಿ ನಡೆದದ್ದನ್ನು ಡಾನೆಟ್ ಹೇಳಿದ ಹಾಗೆ ಹೇಳುತ್ತೇನೆ. ವರ್ಲಿನ್ ಒಂದು ಕಿವಿಯೊಳಗೆ ರೇಡಿಯೊದ ಸಣ್ಣ ಗುಂಡಿ ಇಟ್ಟುಕೊಂಡು, ಇನ್ನೊಂದು ಕಡೆ ಮಗಳ ಕೈ ಹಿಡಿದು ನಡೆದ. ನಡುದಾರಿಯಲ್ಲಿ ಅವನ ಕಣ್ಣಿನಿಂದ ಬಳಬಳ ನೀರು. ಎರಡೂ ಕಡೆಯ ಬೀಗರು ಕರಗಿಹೋದರು. ಕೆಂಡ್ರಾ ಮುಖದ ನಗು ಬಿಡದೆ, ತುಟಿ ಅಲ್ಲಾಡಿಸದೆ ಕೇಳಿದಳಂತೆ: "ಅಪ್ಪ, ನೀನು ಅಳ್ತಿರೋದು ನನಗಾ, ಆ ಕೊಕ್ಕರೆಗಳಿಗಾ?"

ಅವನು ಕಿವಿಯ ಗುಂಡಿಯನ್ನು ಇನ್ನಷ್ಟು ಒಳಕ್ಕೆ ಒತ್ತಿಕೊಂಡ. ಆದರೆ ಊಟದ ಸಭಾಂಗಣದಲ್ಲಿ ಮಗಳ ಜೊತೆ ಕುಣಿಯುವ ಹೊತ್ತಿಗೆ ಅವನ ಮುಖ ಹುಳಿ ತಿಂದವನ ಹಾಗಾಗಿತ್ತು. ಹೊರಗೆ ಬೀದಿಯಲ್ಲಿ ಜನ ಹಳದಿ ಕಂಬ ಹೊತ್ತುಕೊಂಡು ಹೋಗುತ್ತಿದ್ದರು. ಅತಿಥಿಗಳೆಲ್ಲ ಕಿಟಕಿಗೆ ಮುಖ ಒತ್ತಿ ನೋಡಿದರು. ಕಂಬದ ಮುಂದಿನ ತುದಿಗೆ ಹೆಗಲು ಕೊಟ್ಟವನು ಹಸಿರು ಉಣ್ಣೆ ಕೋಟು ತೊಟ್ಟಿದ್ದ.

ಸೋಮವಾರ ಶೆಡ್ಡಿಗೆ ಬಂದ ಡೆಲ್‌ನ ಬಲಗೈ ಪೂರ್ತಿ ಹಳದಿ. ವಾರವಿಡೀ ಅವನು ಎಡಗೈಯನ್ನು ಮಾತ್ರ ಸೋಪು ಹಾಕಿ ತೊಳೆದ. ಬಲಗೈಯನ್ನು ಕಂಡ ಕಂಡವರಿಗೆಲ್ಲ ತೋರಿಸಿದ. ಡ್ರೈವರುಗಳು ಸಾಲಾಗಿ ಬಂದು ಆ ಕೈ ಕುಲುಕಿದರು. ವರ್ಲಿನ್ ಒಂದು ಬಸ್ಸಿನ ಅಡಿಗೆ ಹೋಗಿ ಮಲಗಿದವನು ಮಧ್ಯಾಹ್ನದವರೆಗೂ ಈಚೆ ಬರಲಿಲ್ಲ. ಆ ಬಸ್ಸಿನ ಅಡಿಯಲ್ಲಿ ಏನೂ ಕೆಟ್ಟಿರಲಿಲ್ಲ. ಸಂಜೆ ನಮ್ಮ ಮನೆಗೆ ಬಂದು ಕಾಫಿ ಮುಟ್ಟದೆ ಕೂತ. ಹೊಟ್ಟೆ ಉರಿಯುತ್ತಿದೆ ಎಂದು ನೇರವಾಗಿ ಹೇಳಿದ. ಆ ಮನುಷ್ಯ ಒಂದು ಮಧ್ಯಾಹ್ನ ಕಡಲೆಕಾಯಿ ತಿಂದುಕೊಂಡು ಪಡೆದದ್ದನ್ನು ತಾನು ಮೂವತ್ತೊಂದು ವರ್ಷ ಕಾದರೂ ಪಡೆಯಲಿಲ್ಲ. ಅವನ ಮುಖ ಕಂಡರೆ ಸ್ಪ್ಯಾನರ್ ಎತ್ತಿ ಎಸೆಯಬೇಕು ಅನ್ನಿಸುತ್ತದೆ ಅಂದ. ನನಗೆ ನಗು ಬಂತು, ತಡೆದುಕೊಂಡೆ.

ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟವನು ಆರ್ಲಿಸ್. ಮುಂದಿನ ಶನಿವಾರ ತಂಡ ಪರ ಊರಿಗೆ ಹೋಗಿ ಎಂದಿನಂತೆ ಒದೆ ತಿಂದು ಬಂತು. ಅದೇ ಸಾಕ್ಷಿ ಎಂದು ಆರ್ಲಿಸ್ ಅಂದ: ಜಾಗದಲ್ಲಿ ಡೆಲ್ ಕೂತಾಗ ಗೆಲುವು, ಕೂರದಿದ್ದಾಗ ಸೋಲು. ನನ್ನನ್ನೂ ಕರೆದುಕೊಂಡು ವರ್ಲಿನ್‌ನ ಮನೆಗೆ ಹೋದ. ನಮ್ಮೂರಲ್ಲೇ ನಡೆಯಲಿರುವ ಹ್ಯಾಲೊವೆಲ್ ಕಾಲೇಜಿನ ಮೇಲಿನ ಪಂದ್ಯಕ್ಕೆ ಡೆಲ್ಲೇ ಒಂಬತ್ತನೇ ಜಾಗದಲ್ಲಿ ಕೂರಬೇಕು, ಅದೇ ಕೋಟು ಹಾಕಬೇಕು, ಕೋಟನ್ನು ಒಗೆದಿರಬಾರದು ಎಂದ.

"ಮತ್ತೆ ನಾನು?" ಎಂದು ವರ್ಲಿನ್ ಕೇಳಿದ.

"ನೀನು ಮೂವತ್ತೊಂದು ವರ್ಷ ಕೂತು ನೋಡ್ದೆ ಕಣಯ್ಯ" ಎಂದು ಆರ್ಲಿಸ್ ಮೆಲ್ಲಗೆ ಹೇಳಿದ. "ಬೇಜಾರು ಮಾಡ್ಕೋಬೇಡ. ತಂಡಕ್ಕೋಸ್ಕರ ಕೇಳ್ತಿದೀನಿ."

ವರ್ಲಿನ್ ನನ್ನ ಕಡೆ ನೋಡಿದ. ನಾನು ಅವನ ಪರವಾಗಿ ಮಾತಾಡಬಹುದಿತ್ತು. ಆದರೆ ಐವತ್ತೆಂಟಕ್ಕೆ ಮೂರರ ರುಚಿ ನನ್ನ ನಾಲಗೆಯ ಮೇಲೆ ಇನ್ನೂ ಇತ್ತು. "ಒಂದೇ ಒಂದು ಪಂದ್ಯ ತಾನೆ" ಅಂದೆ. ಒಲ್ಲೆ ಎಂದರೆ ತಂಡಕ್ಕಿಂತ ಬೆಂಚೇ ಹೆಚ್ಚಾಯಿತೆ ಎಂದು ಊರು ಕೇಳುತ್ತದೆ, ಇದು ಅವನಿಗೂ ಗೊತ್ತು, ನಮಗೂ ಗೊತ್ತು. ಡೆಲ್ ಇದ್ದು ತಂಡ ಮತ್ತೆ ಗೆದ್ದರೆ ಆ ಜಾಗ ಇನ್ನು ವರ್ಲಿನ್‌ಗೆ ಮರಳುವುದಿಲ್ಲ ಎಂಬುದೂ ಗೊತ್ತು. ಅವನು ಒಳಗೆ ಹೋಗಿ ಟಿಕೆಟ್ ತಂದು ಮೇಜಿನ ಮೇಲಿಟ್ಟ.

ಹ್ಯಾಲೊವೆಲ್ ಪಂದ್ಯದ ದಿನ ನಮ್ಮ ಕಡೆ ಒಂದೂ ಟಿಕೆಟ್ ಉಳಿದಿರಲಿಲ್ಲ. ಆ ದೊಡ್ಡ ಗೆಲುವಿನ ನಂತರ ಊರಿಗೆ ಊರೇ ಅಭಿಮಾನಿಯಾಗಿತ್ತು. ವರ್ಲಿನ್‌ಗೆ ಸಿಕ್ಕಿದ್ದು ಎದುರುಗಡೆ, ಹ್ಯಾಲೊವೆಲ್‌ನವರ ನೇರಳೆ ಬಣ್ಣದ ಗುಂಪಿನ ನಡುವೆ. ಡೆಲ್ ನನ್ನ ಪಕ್ಕದಲ್ಲಿ ರಾಜನ ಹಾಗೆ ಕೂತಿದ್ದ. ಹೋಗುವವರು ಬರುವವರು ಅವನ ಭುಜ ಮುಟ್ಟಿ ಹೋಗುತ್ತಿದ್ದರು. ಅವನು ಈಗ ತೀರ್ಪುಗಾರನಿಗೆ ಬೈಯುವುದನ್ನೂ ಕಲಿತಿದ್ದ, ಅದೂ ವರ್ಲಿನ್ ಬೈಯುವ ಮಾತುಗಳಲ್ಲೇ. ನನಗೆ ಅವನ ಮೇಲೆ ಸಿಟ್ಟು ಬಂತು. ಆದರೂ ತಂಡ ಮುಂದಿತ್ತು, ಸುಮ್ಮನಿದ್ದೆ.

ಕೊನೆಯ ನಿಮಿಷಕ್ಕೆ ನಾವು ಹದಿನೇಳು, ಅವರು ಹದಿನಾಲ್ಕು. ಚೆಂಡು ನಮ್ಮ ಕೈಯಲ್ಲಿ. ಸುಮ್ಮನೆ ಹಿಡಿದುಕೊಂಡು ನಿಂತಿದ್ದರೂ ಸಾಕಿತ್ತು. ವರ್ಲಿನ್ ಏನು ಮಾಡುತ್ತಿದ್ದಾನೆ ನೋಡೋಣ ಎಂದು ನಾನು ದುರ್ಬೀನು ಎತ್ತಿದೆ. ನೇರಳೆ ಗುಂಪಿನಲ್ಲಿ ನಮ್ಮ ತಂಡದ ಹಸಿರು ಟೋಪಿ ಅವನದೊಂದೇ. ಎರಡೂ ಕೈ ಜೋಡಿಸಿ ಗದ್ದಕ್ಕೆ ಒತ್ತಿಕೊಂಡು ಕೂತಿದ್ದ. ಪಾಪ, ಎಷ್ಟು ನಿಷ್ಠೆ ಅಂದುಕೊಂಡೆ.

ಅಷ್ಟರಲ್ಲಿ ಸುತ್ತ ಜನ ಹಾ ಎಂದರು. ನಮ್ಮ ಹುಡುಗ ಯಾಕಾದರೂ ಚೆಂಡನ್ನು ಎಸೆದನೋ, ಹ್ಯಾಲೊವೆಲ್‌ನವನೊಬ್ಬ ನಡುವೆಯೇ ಹಾರಿ ಕಿತ್ತುಕೊಂಡು ನಮ್ಮ ಗೆರೆಯ ಕಡೆ ಓಡುತ್ತಿದ್ದ. ನಾನು ದುರ್ಬೀನು ಇಳಿಸಲಿಲ್ಲ. ವರ್ಲಿನ್ ಎದ್ದು ನಿಂತ. ಎರಡೂ ತೋಳು ಮೇಲೆತ್ತಿದ. ಬಾಯಿ ಅಗಲಿಸಿ ಕೂಗಿದ. ಅವನು ನಮ್ಮ ಹುಡುಗರಿಗೆ ಹಿಡಿಯಿರಿ ಎನ್ನುತ್ತಿಲ್ಲವೆಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಹ್ಯಾಲೊವೆಲ್‌ನವ ಗೆರೆ ದಾಟಿದಾಗ, ಪಕ್ಕದ ನೇರಳೆ ಅಂಗಿಯ ಅಪರಿಚಿತನನ್ನು ಅವನು ತಬ್ಬಿಕೊಂಡ. ಇಪ್ಪತ್ತಕ್ಕೆ ಹದಿನೇಳು, ಆಟ ಮುಗಿಯಿತು.

ಹೊರಗೆ ಪಿಕಪ್ಪಿನ ಹತ್ತಿರ ಎಲ್ಲರ ಮುಖ ಇಳಿದಿತ್ತು. ಆರ್ಲಿಸ್ ಡೆಲ್‌ನ ಮೈಮೇಲಿನ ಕೋಟು ಬಿಚ್ಚಿಸಿದ. ತನಗೂ ಈ ಬೆಂಚಿನಿಂದ ಬೆನ್ನು ಹಿಡಿದಿದೆ, ಇನ್ನು ಬರುವುದಿಲ್ಲ ಎಂದು ಡೆಲ್ ಹೇಳಿ, ಉಳಿದ ಚಿಲಿಯನ್ನು ಒಂದು ಡಬ್ಬಿಗೆ ಹಾಕಿಸಿಕೊಂಡು ಹೋದ. ವರ್ಲಿನ್ ಬಂದಾಗ ಆರ್ಲಿಸ್ ಅವನ ಕೈಗೆ ಕೋಟು ಕೊಟ್ಟು, ನಮ್ಮದು ತಪ್ಪಾಯಿತು, ಜಾಗ ನಿನ್ನದೇ ಅಂದ. ಪಕ್ಕದ ಗಾಡಿಗಳವರೂ ಬಂದು ಅವನ ಬೆನ್ನು ತಟ್ಟಿದರು. ಇಂಥ ಸೋಲನ್ನು ವೈರಿಗಳ ನಡುವೆ ಕೂತು ಒಬ್ಬನೇ ನುಂಗಬೇಕಾಯಿತಲ್ಲ ಎಂದು ಒಬ್ಬಳು ಕಣ್ಣೊರೆಸಿಕೊಂಡಳು. ವರ್ಲಿನ್ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ.

ಎಲ್ಲರೂ ಚದುರಿದ ಮೇಲೆ ಅವನ ಕಣ್ಣು ನನ್ನ ಕೊರಳಲ್ಲಿದ್ದ ದುರ್ಬೀನಿನ ಮೇಲೆ ಬಿತ್ತು.

"ನೋಡಿದ್ಯಾ ನೆಡ್ರಾ?"

"ನೋಡ್ದೆ."

ಅವನು ಕೋಟನ್ನು ಹಾಕಿಕೊಳ್ಳಲೂ ಇಲ್ಲ, ಕೆಳಗಿಡಲೂ ಇಲ್ಲ. ಬೈಯೋಣ ಎಂದು ಬಾಯಿ ತೆರೆದೆ, ಆದರೆ ಆ ಟಿಕೆಟ್ಟನ್ನು ಮೇಜಿನ ಮೇಲಿಡಿಸಿದವರಲ್ಲಿ ನಾನೂ ಒಬ್ಬಳು.

"ಮೂವತ್ತೊಂದು ವರ್ಷ ಗೆಲ್ಸಪ್ಪಾ ದೇವ್ರೇ ಗೆಲ್ಸಪ್ಪಾ ಅಂತ ಕೇಳ್ಕೊಂಡೆ" ಅಂದ. "ಯಾರೂ ಕಿವಿಗೇ ಹಾಕ್ಕೊಳ್ಳಲಿಲ್ಲ. ಇವತ್ತು ಒಂದೇ ಒಂದು ಸಲ ಸೋಲ್ಲಿ ಅಂದೆ. ತಕ್ಷಣ ಕೇಳಿಸ್ತು ನೋಡು."