ಕೇಳದೆ ಹಾಕಿದ ಗುರುತು

ಒಬ್ಬ ಆಪ್ತಸಮಾಲೋಚಕಿ ಹನ್ನೊಂದು ವರ್ಷದಿಂದ ಒಂದೇ ಚಿಕಿತ್ಸಾಲಯದ ಮಹಡಿಯ ಕೋಣೆಯಲ್ಲಿ ಜನರ ಕಷ್ಟ ಕೇಳುತ್ತಿದ್ದಳು. ಕೂತು ಮಾಡುವ ಕೆಲಸ. ಅವಳೋ ಕೂತಲ್ಲಿ ಕೂರುವವಳಲ್ಲ. ಬಂದವರು ಮೆಟ್ಟಿಲಿಳಿದ ಕೂಡಲೇ ಕಿಟಕಿಗೊಮ್ಮೆ, ಬಾಗಿಲಿಗೊಮ್ಮೆ ನಡೆಯುತ್ತಿದ್ದಳು. "ನಿನ್ನ ಕಾಲಿಗೆ ಚಕ್ರ ಕಟ್ಟಿದಾರೆ" ಅನ್ನುತ್ತಿದ್ದಳು ಅವಳ ಅಕ್ಕ.

ಅವಳಲ್ಲಿಗೆ ಬರುತ್ತಿದ್ದವರಲ್ಲಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳೊಬ್ಬಳು. ಒಂದು ಸಲ ನಗುನಗುತ್ತಾ ಬಂದರೆ ಇನ್ನೊಂದು ಸಲ ಯಾರ ಮುಖವೂ ಬೇಡ ಅನ್ನುವ ಹಾಗೆ. ಆರನೇ ಸಲ ಬಂದಾಗ ರಾಜೀನಾಮೆ ಪತ್ರವನ್ನು ಮೇಜಿನ ಮೇಲಿಟ್ಟಳು.

"ಇದು ಮೂರನೇದು. ಹಿಂದಿನ ಎರಡನ್ನ ನಾನೇ ಹರಿದು ಹಾಕ್ದೆ."

"ಅವನ್ನ ಯಾವತ್ತು ಬರೆದಿದ್ರಿ?"

ಗಾಜಿನವಳು ತಾರೀಕು ಹೇಳಿದಳು. ಸಮಾಲೋಚಕಿ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸಿದಳು. ಇಪ್ಪತ್ತೆಂಟು ದಿನ, ಮತ್ತೆ ಇಪ್ಪತ್ತೇಳು.

"ಮುಟ್ಟಾಗೋ ಮುಂಚೆ ಹೀಗಾಗತ್ತಾ?"

"ಒಂದು ವಾರ ಮುಂಚೆ. ಆದ ಮಾರನೇ ದಿನ ಮೋಡ ಸರಿದ ಹಾಗೆ." ಗಾಜಿನವಳು ತಡೆದು ಕೇಳಿದಳು. "ಇದನ್ನೂ ಇಲ್ಲಿ ಹೇಳ್ಬಹುದಾ? ಇಷ್ಟು ದಿನ ನೀವು ಕೇಳ್ಲೇ ಇಲ್ವಲ್ಲ."

ಸಮಾಲೋಚಕಿ ಅವಳ ಕಡತ ತೆರೆದಳು. ‘ಮುಟ್ಟು’ ಎಂಬ ಸಾಲಿನೆದುರು ‘ಸರಿಯಾಗಿದೆ’ ಎಂದು ಗುರುತಿತ್ತು. ತನ್ನದೇ ಕೈ. ಕೇಳದೆಯೇ ಹಾಕಿದ್ದು. ಸಮಾಲೋಚಕಿ ಅದನ್ನು ಹೊಡೆದುಹಾಕಿದಳು. "ತಪ್ಪು ನನ್ನದು. ಮೊದಲ ದಿನವೇ ಕೇಳ್ಬೇಕಿತ್ತು" ಎಂದಳು.

ಎರಡು ತಿಂಗಳು ಗಾಜಿನವಳು ದಿನದಿನದ ಮನಸ್ಸನ್ನು ಬರೆದಿಟ್ಟಳು. ಅದನ್ನು ನೋಡಿ ಹೆಂಗಸರ ಡಾಕ್ಟರು ಮಾತ್ರೆ ಕೊಟ್ಟರು. ಮುಟ್ಟಿಗೆ ಮುಂಚಿನ ವಾರದ ಕಷ್ಟ ಪೂರ್ತಿ ಹೋಗದಿದ್ದರೂ ಹಗುರಾಯಿತು.

"ಹಾಗಂತ ಎಲ್ಲಾನೂ ಮುಟ್ಟಿನ ತಲೆಗೆ ಕಟ್ಟಬೇಡಿ. ನಮ್ಮ ಮಾಲೀಕ ತಿಂಗಳ ಮೂವತ್ತು ದಿನಾನೂ ಕೆಟ್ಟವನೇ" ಎಂದಳು ಗಾಜಿನವಳು. ಒಳ್ಳೆಯ ವಾರವೊಂದರಲ್ಲಿ, ಮನಸ್ಸು ನೆಟ್ಟಗಿರುವಾಗಲೇ ಕೆಲಸ ಬಿಟ್ಟು ಬೇರೆ ಅಂಗಡಿ ಸೇರಿದಳು.

ಸಮಾಲೋಚಕಿಗೆ ಮಾತ್ರ ನೆಮ್ಮದಿಯಿಲ್ಲ. ಹೆಂಗಸರ ಹಳೆಯ ಕಡತಗಳನ್ನೆಲ್ಲ ಕೆಳಗಿಳಿಸಿದಳು. ಎಲ್ಲದರಲ್ಲೂ ಅದೇ ಗುರುತು. ಚಿಕಿತ್ಸೆ ಅರ್ಧಕ್ಕೇ ಬಿಟ್ಟವರಿಗೆ ಒಬ್ಬೊಬ್ಬರಿಗೇ ಫೋನು ಮಾಡತೊಡಗಿದಳು. ಎರಡು ನಂಬರು ಚಾಲ್ತಿಯಲ್ಲಿರಲಿಲ್ಲ. ಮೂರನೆಯದನ್ನು ಎತ್ತಿದವಳು ಶಾಲೆಯ ಟೀಚರು. ಮುಟ್ಟಿಗೆ ಮುಂಚೆ ಮನಸ್ಸು ಕೆಡುತ್ತಿತ್ತೇ ಎಂದು ಸಮಾಲೋಚಕಿ ಕೇಳಿದಳು.

"ನನಗೆ ಮುಟ್ಟು ನಿಂತು ಒಂದು ವರ್ಷ ಆಯ್ತು. ಈಗ ಆರಾಮಿದೀನಿ. ಆಗಲೇ ಕೇಳಿದ್ರೆ ಚೆನ್ನಾಗಿತ್ತು."

ಸಮಾಲೋಚಕಿ ಕ್ಷಮೆ ಕೇಳಿ, ನಿಂತುಕೊಂಡೇ ಮುಂದಿನ ನಂಬರು ಒತ್ತಿದಳು.